ಬೀದಿಯ ಬೆಳಕಿನ ಲೆಕ್ಕ



ಪ್ಯಾರಿಸ್ ನಗರದ ಬುಲೆವಾರ್ ದು ತಾಂಪ್ಲ್ ಎಂಬ ಬೀದಿಯ ಒಂದು ಪ್ರಸಿದ್ಧ ಛಾಯಾಚಿತ್ರವಿದೆ. 1838ರಲ್ಲಿ ಲೂಯಿ ಡಾಗೇರ್ ಅವರು ಎತ್ತರದ ಕಿಟಕಿಯೊಂದರಿಂದ ತೆಗೆದದ್ದು. ಗಾಡಿಗಳು, ಕುದುರೆಗಳು, ಜನರು ಸದಾ ಓಡಾಡುತ್ತಿದ್ದ ಬೀದಿ ಅದು. ಆದರೆ ಚಿತ್ರದಲ್ಲಿ ಬೀದಿಯೆಲ್ಲ ಬರಿದು. ಎಡಭಾಗದ ಕೆಳಗೆ ಒಬ್ಬ ಮನುಷ್ಯ ಮಾತ್ರ ಒಂದು ಕಾಲನ್ನು ಎತ್ತಿಟ್ಟು ನಿಂತಿದ್ದಾನೆ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಿದ್ದಾನೆ. ಪಾಲಿಶ್ ಹಾಕುವವನೂ ಅಸ್ಪಷ್ಟವಾಗಿ ಕಾಣುತ್ತಾನೆ. ಉಳಿದವರೆಲ್ಲ ಎಲ್ಲಿ ಹೋದರು?

ಎಲ್ಲಿಗೂ ಹೋಗಿರಲಿಲ್ಲ. ಡಾಗೇರ್ ಅವರ ತಟ್ಟೆಗೆ ಚಿತ್ರ ಮೂಡಲು ಕೆಲವು ನಿಮಿಷಗಳ ಬೆಳಕು ಬೇಕಾಗಿತ್ತು. ಅಷ್ಟು ಹೊತ್ತು ಒಂದೇ ಕಡೆ ನಿಂತವನು ಉಳಿದ, ನಡೆದವರು ಅಳಿಸಿಹೋದರು. ಮನುಷ್ಯನೊಬ್ಬ ಕಾಣಿಸಿಕೊಂಡ ಮೊಟ್ಟಮೊದಲ ಛಾಯಾಚಿತ್ರಗಳಲ್ಲಿ ಇದು ಒಂದು ಎಂದು ಅದನ್ನು ಇಂದಿಗೂ ಸ್ಮರಿಸುತ್ತಾರೆ.

ಈ ಚಿತ್ರ ನಮಗೊಂದು ಮಾತು ಕಲಿಸುತ್ತದೆ. ಬೀದಿಯ ಚಿತ್ರ ತೆಗೆಯುವಾಗ ಕ್ಯಾಮೆರಾಕ್ಕೆ ಎಷ್ಟು ಬೆಳಕು ಕೊಡುತ್ತೇವೆ, ಎಷ್ಟು ಹೊತ್ತು ಕೊಡುತ್ತೇವೆ ಎಂಬುದರ ಮೇಲೆ ಚಿತ್ರದಲ್ಲಿ ಯಾರು ಉಳಿಯುತ್ತಾರೆ, ಯಾರು ಅಳಿಯುತ್ತಾರೆ ಎಂಬುದು ನಿರ್ಧಾರವಾಗುತ್ತದೆ. ಈ ಬೆಳಕಿನ ಪ್ರಮಾಣಕ್ಕೆ ಎಕ್ಸ್‌ಪೋಷರ್ ಎನ್ನುತ್ತಾರೆ. ಇಂದಿನ ಭಾಷಣದಲ್ಲಿ ಅದರ ಲೆಕ್ಕವನ್ನು ನೋಡೋಣ. ಟಿ.ವಿ. ಪರದೆಯ ಮೇಲೆ ಅಂಕಿಗಳು ಬಂದು ಮರೆಯಾಗುತ್ತವೆ. ಪುಸ್ತಿಕೆಯಲ್ಲಾದರೆ ಉಳಿಯುತ್ತವೆ. ಆದ್ದರಿಂದ ಕೈಯಲ್ಲಿ ಪೆನ್ಸಿಲ್ ಹಿಡಿದೇ ಓದಿ.

ನಲ್ಲಿ, ಸಮಯ, ಬಿಂದಿಗೆ

ಬೀದಿ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟಿದ್ದೀರಿ ಎಂದುಕೊಳ್ಳಿ. ಬಿಂದಿಗೆ ಕಂಠದವರೆಗೆ ತುಂಬಬೇಕು. ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಬೇಗ ತುಂಬುತ್ತದೆ, ಸ್ವಲ್ಪವೇ ತಿರುಗಿಸಿದರೆ ಹೆಚ್ಚು ಹೊತ್ತು ಕಾಯಬೇಕು. ಬಿಂದಿಗೆಯ ಬದಲು ಚೊಂಬು ಇಟ್ಟರೆ ಕ್ಷಣದಲ್ಲಿ ತುಂಬೀತು, ಆದರೆ ಮನೆಗೆ ಸಿಗುವ ನೀರು ಅಷ್ಟೇ.

ಕ್ಯಾಮೆರಾದಲ್ಲಿಯೂ ಇರುವುದು ಈ ಮೂರೇ ಸಂಗತಿ. ಮಸೂರದೊಳಗೆ ಹಿರಿದು ಕಿರಿದು ಮಾಡಬಹುದಾದ ಒಂದು ರಂಧ್ರವಿದೆ. ಅದು ನಲ್ಲಿ. ಬೆಳಕನ್ನು ಒಳಗೆ ಬಿಟ್ಟು ಮುಚ್ಚುವ ಷಟರ್ ಇದೆ. ಅದು ಕಾಯುವ ಸಮಯ. ಫಿಲ್ಮ್ ಅಥವಾ ಸೆನ್ಸರಿನ ಬೆಳಕಿನ ಸಂವೇದನೆಯನ್ನು ಹೇಳುವ ಐಎಸ್‌ಓ ಸಂಖ್ಯೆ ಇದೆ. ಅದು ಪಾತ್ರೆ. ಐಎಸ್‌ಓ ಹೆಚ್ಚಾದಷ್ಟೂ ಪಾತ್ರೆ ಚಿಕ್ಕದು, ಬೇಗ ತುಂಬುತ್ತದೆ.

ಚೊಂಬಿನಲ್ಲಿ ನೀರು ಕಡಿಮೆ ಎಂದೆನಲ್ಲವೇ? ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಬೆಳಕು ಫೋಟಾನ್ ಎಂಬ ಕಣಗಳಾಗಿ ಬರುತ್ತದೆ, ಮಳೆಹನಿಗಳ ಹಾಗೆ ಅನಿಯಮಿತವಾಗಿ ಬೀಳುತ್ತದೆ. ಸರಾಸರಿ 10,000 ಕಣ ಬೀಳುವ ಜಾಗದಲ್ಲಿ ಏರುಪೇರು ಅದರ ವರ್ಗಮೂಲದಷ್ಟು, ಎಂದರೆ ಸುಮಾರು 100. ಇದು ಶೇಕಡ 1 ಮಾತ್ರ. 100 ಕಣ ಬೀಳುವಲ್ಲಿ ಏರುಪೇರು 10, ಎಂದರೆ ಶೇಕಡ 10. ಐಎಸ್‌ಓ ಏರಿಸಿ ಕಡಿಮೆ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ರವೆ ಉದುರಿಸಿದಂತೆ ಕಾಣುವುದಕ್ಕೆ ಮುಖ್ಯ ಕಾರಣ ಇದೇ.

ರಂಧ್ರದ ಅಳತೆಯನ್ನು ಎಫ್ ಸಂಖ್ಯೆಯಿಂದ ಹೇಳುತ್ತಾರೆ. 1.4, 2, 2.8, 4, 5.6, 8, 11, 16, 22. ಈ ಶ್ರೇಣಿ ವಿಚಿತ್ರವಾಗಿ ಕಂಡರೂ ಅದರ ಹಿಂದೆ ಸರಳ ಗಣಿತವಿದೆ. ಮಸೂರದ ಸಂಗಮದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ. 50 ಮಿ.ಮೀ. ಮಸೂರದಲ್ಲಿ 25 ಮಿ.ಮೀ. ವ್ಯಾಸದ ರಂಧ್ರವಿದ್ದರೆ ಅದು ಎಫ್ 2. ಅದೇ ಮಸೂರದಲ್ಲಿ 12.5 ಮಿ.ಮೀ. ರಂಧ್ರವಿದ್ದರೆ ಎಫ್ 4. ವ್ಯಾಸ ಅರ್ಧವಾದರೆ ವೃತ್ತದ ವಿಸ್ತೀರ್ಣ ಕಾಲುಭಾಗವಾಗುತ್ತದೆ. ವಿಸ್ತೀರ್ಣ ಸರಿಯಾಗಿ ಅರ್ಧವಾಗಬೇಕಾದರೆ ವ್ಯಾಸವನ್ನು 2ರ ವರ್ಗಮೂಲದಿಂದ, ಎಂದರೆ 1.414ರಿಂದ ಭಾಗಿಸಬೇಕು. ಮೇಲಿನ ಶ್ರೇಣಿಯಲ್ಲಿ ಒಂದೊಂದು ಸಂಖ್ಯೆಯೂ ಹಿಂದಿನದರ ಸುಮಾರು 1.4 ಪಟ್ಟು ಇರುವುದನ್ನು ನೀವೇ ಗುಣಿಸಿ ನೋಡಿ. ಒಂದು ಮೆಟ್ಟಿಲು ಮುಂದೆ ಹೋದರೆ ಬೆಳಕು ಅರ್ಧ, ಹಿಂದೆ ಬಂದರೆ ಎರಡು ಪಟ್ಟು. ಈ ಮೆಟ್ಟಿಲಿಗೆ ಛಾಯಾಗ್ರಾಹಕರು ಸ್ಟಾಪ್ ಎನ್ನುತ್ತಾರೆ.

ಷಟರ್ ವೇಗವೂ ಹಾಗೆಯೇ. 1/60, 1/125, 1/250, 1/500, 1/1000 ಸೆಕೆಂಡು, ಒಂದೊಂದೂ ಹಿಂದಿನದರ ಅರ್ಧ. ಐಎಸ್‌ಓ 100, 200, 400, 800, 1600, ಒಂದೊಂದೂ ಹಿಂದಿನದರ ಎರಡರಷ್ಟು. ಮೂರಕ್ಕೂ ಒಂದೇ ಮೆಟ್ಟಿಲಿನ ಅಳತೆ ಇರುವುದರಿಂದ ಒಂದು ಕಡೆ ಕಳೆದದ್ದನ್ನು ಇನ್ನೊಂದು ಕಡೆ ಕೂಡಿಸಬಹುದು. ಎಕ್ಸ್‌ಪೋಷರ್ ಲೆಕ್ಕವೆಲ್ಲ ಈ ಕೂಡುವ ಕಳೆಯುವ ಲೆಕ್ಕವೇ.

ಸೂರ್ಯನನ್ನು ನಂಬಿ

ಬೀದಿಯಲ್ಲಿ ನಿಂತಾಗ ಲೆಕ್ಕ ಎಲ್ಲಿಂದ ಶುರುಮಾಡಬೇಕು? ಸೂರ್ಯನಿಂದ. ಮೋಡವಿಲ್ಲದ ಆಕಾಶದಲ್ಲಿ ಮೇಲೇರಿದ ಸೂರ್ಯನ ಬೆಳಕು ಬೀದರಿನಲ್ಲಾಗಲಿ ಚಾಮರಾಜನಗರದಲ್ಲಾಗಲಿ ಹೆಚ್ಚು ಕಡಿಮೆ ಒಂದೇ. ಹೀಗಾಗಿ ಹಳೆಯ ಛಾಯಾಗ್ರಾಹಕರು ಮಾಪಕವಿಲ್ಲದೆಯೇ ಒಂದು ಸೂತ್ರ ಬಳಸುತ್ತಿದ್ದರು. ಸ್ವಚ್ಛ ಬಿಸಿಲಿನಲ್ಲಿ ರಂಧ್ರ ಎಫ್ 16, ಷಟರ್ ವೇಗ ಐಎಸ್‌ಓ ಸಂಖ್ಯೆಯಷ್ಟನೇ ಒಂದು ಪಾಲು. ಐಎಸ್‌ಓ 100 ಇದ್ದರೆ 1/125, ಐಎಸ್‌ಓ 400 ಇದ್ದರೆ 1/500 ಸೆಕೆಂಡು. ಫಿಲ್ಮ್ ರೋಲಿನ ಜೊತೆಗೆ ಬರುತ್ತಿದ್ದ ಸೂಚನೆಯಲ್ಲಿಯೂ ಬಹುತೇಕ ಇದೇ ಲೆಕ್ಕವನ್ನು ಚಿತ್ರಸಮೇತ ಅಚ್ಚು ಹಾಕಿರುತ್ತಿದ್ದರು.

ತೆಳುಮೋಡ ಬಂದು ನೆರಳಿನ ಅಂಚು ಮಸುಕಾದರೆ ಎಫ್ 11. ನೆಲದ ಮೇಲೆ ನೆರಳೇ ಕಾಣದಷ್ಟು ಮೋಡವಿದ್ದರೆ ಎಫ್ 8. ಮುಂಗಾರಿನ ದಟ್ಟ ಮೋಡವಾದರೆ ಎಫ್ 5.6. ಆಕಾಶ ಕಾಣುವ ನೆರಳಿನಲ್ಲಿ, ಎಂದರೆ ಕಟ್ಟಡದ ನೆರಳಿನ ಜಗಲಿಯಲ್ಲಿ, ಎಫ್ 4. ಗಮನಿಸಿ, ಇಲ್ಲಿ ನೀವು ನೋಡಬೇಕಾದದ್ದು ಸೂರ್ಯನನ್ನಲ್ಲ, ನೆಲದ ಮೇಲಿನ ನೆರಳನ್ನು. ನೆರಳಿನ ಅಂಚು ಎಷ್ಟು ಹರಿತ ಎಂಬುದೇ ನಿಮ್ಮ ಮಾಪಕ.

ಕಣ್ಣನ್ನು ಮಾತ್ರ ನಂಬಬೇಡಿ. ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ರಾತ್ರಿ ದೀಪ ಹಾಕಿದ ಬೀದಿ ಸುಮಾರು 10 ಲಕ್ಸ್. ಹತ್ತು ಸಾವಿರ ಪಟ್ಟು ವ್ಯತ್ಯಾಸ. ಮೆಟ್ಟಿಲಿನ ಲೆಕ್ಕದಲ್ಲಿ 13 ಮೆಟ್ಟಿಲುಗಳಿಗೂ ತುಸು ಹೆಚ್ಚು. ಆದರೂ ಎರಡೂ ಕಡೆ ನಾವು ಎಡವದೆ ನಡೆಯುತ್ತೇವೆ. ಕಣ್ಣಿನ ಪಾಪೆ 2 ಮಿ.ಮೀ.ನಿಂದ 8 ಮಿ.ಮೀ.ವರೆಗೆ ಹಿಗ್ಗಬಲ್ಲದು, ಅದರಿಂದ 16 ಪಟ್ಟು ಬೆಳಕು. ಉಳಿದ ಹೊಂದಾಣಿಕೆಯನ್ನು ರೆಟಿನಾ ಮತ್ತು ಮೆದುಳು ಸದ್ದಿಲ್ಲದೆ ಮಾಡಿಬಿಡುತ್ತವೆ. ಇಷ್ಟು ಒಳ್ಳೆಯ ಸೇವಕರಾದ್ದರಿಂದಲೇ ಅವು ಬೆಳಕಿನ ಅಳತೆಗೆ ಒಳ್ಳೆಯ ಸಾಕ್ಷಿಗಳಲ್ಲ.

ಸಂತೆಯಲ್ಲಿ ಒಂದು ಲೆಕ್ಕ

ಈಗ ನಿಮ್ಮ ಊರಿನ ವಾರದ ಸಂತೆಗೆ ಹೋಗೋಣ. ಸಾಮಾನ್ಯವಾದ 35 ಮಿ.ಮೀ. ಮಸೂರವುಳ್ಳ, 36 ಮಿ.ಮೀ. ಅಗಲದ ಫಿಲ್ಮ್ ಅಥವಾ ಸೆನ್ಸರ್ ಇರುವ ಕ್ಯಾಮೆರಾ ಕೈಯಲ್ಲಿದೆ ಎನ್ನೋಣ. ಜನ ನಡೆಯುತ್ತಿದ್ದಾರೆ. ಷಟರ್ ವೇಗ ಎಷ್ಟಿರಬೇಕು?

ಸಾಧಾರಣ ನಡಿಗೆ ಗಂಟೆಗೆ 5 ಕಿ.ಮೀ., ಎಂದರೆ ಸೆಕೆಂಡಿಗೆ ಸುಮಾರು 1.4 ಮೀಟರ್. 1/125 ಸೆಕೆಂಡಿನಲ್ಲಿ ಮನುಷ್ಯ 11 ಮಿ.ಮೀ. ಮುಂದೆ ಹೋಗಿರುತ್ತಾನೆ. ಅವನು 5 ಮೀಟರ್ ದೂರದಲ್ಲಿ ನಿಮ್ಮ ಮುಂದೆ ಅಡ್ಡಲಾಗಿ ಹಾದುಹೋಗುತ್ತಿದ್ದರೆ, 35 ಮಿ.ಮೀ. ಮಸೂರ ಅವನ ಬಿಂಬವನ್ನು ಸುಮಾರು 1/140ರಷ್ಟು ಕಿರಿದು ಮಾಡುತ್ತದೆ. ಫಿಲ್ಮಿನ ಮೇಲೆ ಬಿಂಬ ಜಾರಿದ್ದು ಸುಮಾರು 0.08 ಮಿ.ಮೀ. ಇದೇನು ದೊಡ್ಡದು ಎನ್ನಬೇಡಿ. ಈ ಅಳತೆಯ ಫಿಲ್ಮಿನಲ್ಲಿ 0.03 ಮಿ.ಮೀ.ವರೆಗಿನ ಕಲೆ ಮಾತ್ರ, ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಚುಕ್ಕಿಯಂತೆ ಕಾಣುತ್ತದೆ ಎಂಬುದು ರೂಢಿಯ ಲೆಕ್ಕ. ಆದ್ದರಿಂದ 1/125ರಲ್ಲಿ ಆತ ಮಸುಕು. 1/500ರಲ್ಲಿ ಬಿಂಬ ಜಾರುವುದು 0.02 ಮಿ.ಮೀ., ಚಿತ್ರ ಸ್ಪಷ್ಟ. ಗಂಟೆಗೆ 15 ಕಿ.ಮೀ. ವೇಗದ ಸೈಕಲ್ ಸವಾರನಿಗೆ 1/1000 ಬೇಕು. ನಿಮ್ಮ ಕಡೆಗೇ ನೇರವಾಗಿ ನಡೆದು ಬರುವವನ ಬಿಂಬ ಅಷ್ಟು ಜಾರುವುದಿಲ್ಲ, 1/125 ಸಾಕಾದೀತು. ಬೀಸುವ ಕೈ, ಎತ್ತಿದ ಪಾದ ದೇಹಕ್ಕಿಂತ ವೇಗವಾಗಿ ಚಲಿಸುವುದರಿಂದ ಅವು ಮಾತ್ರ ಸ್ವಲ್ಪ ಮಸುಕಾಗಬಹುದು.

ಎರಡನೆಯ ಪ್ರಶ್ನೆ ಆಳದ್ದು. ಸಂತೆಯಲ್ಲಿ ಯಾರು ಯಾವಾಗ ಎದುರಿಗೆ ಬರುತ್ತಾರೆಂದು ಹೇಳಲಾಗದು. ಒಬ್ಬೊಬ್ಬರಿಗೂ ಫೋಕಸ್ ಮಾಡುತ್ತಾ ನಿಂತರೆ ಗಳಿಗೆ ಜಾರಿಹೋಗುತ್ತದೆ. ರಂಧ್ರ ಕಿರಿದಾದಷ್ಟೂ ಮುಂದೆ ಹಿಂದೆ ಹೆಚ್ಚು ಜಾಗ ಸ್ಪಷ್ಟವಾಗಿರುತ್ತದೆ. 35 ಮಿ.ಮೀ. ಮಸೂರವನ್ನು 3 ಮೀಟರಿಗೆ ಫೋಕಸ್ ಮಾಡಿ ಎಫ್ 8 ಇಟ್ಟರೆ ಸುಮಾರು 1.9 ಮೀಟರಿನಿಂದ 7.3 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಎಫ್ 2 ಇಟ್ಟರೆ 2.6ರಿಂದ 3.5 ಮೀಟರ್ ಮಾತ್ರ. ಎಫ್ 8 ಇಟ್ಟುಕೊಂಡವನು ಫೋಕಸ್ ಮರೆತು ಜನರನ್ನು ನೋಡಬಹುದು. ಬೀದಿ ಛಾಯಾಗ್ರಾಹಕರಿಗೆ ಎಫ್ 8 ಇಷ್ಟವಾದದ್ದು ಈ ಕಾರಣಕ್ಕೆ.

ಹಾಗಾದರೆ ನಮಗೆ ಬೇಕಾದದ್ದು ಎಫ್ 8 ಮತ್ತು 1/500. ಬಿಸಿಲಿನಲ್ಲಿ ಇದಕ್ಕೆ ಎಷ್ಟು ಐಎಸ್‌ಓ? ಸೂತ್ರದಿಂದ ಐಎಸ್‌ಓ 400ಕ್ಕೆ ಎಫ್ 16, 1/500. ಎಫ್ 16ರಿಂದ ಎಫ್ 8ಕ್ಕೆ ಎರಡು ಮೆಟ್ಟಿಲು ಬೆಳಕು ಹೆಚ್ಚಾಯಿತು. ಐಎಸ್‌ಓವನ್ನು ಎರಡು ಮೆಟ್ಟಿಲು ಇಳಿಸಿದರೆ 100 ಸಾಕು. ಈಗ ಟಾರ್ಪಾಲಿನ ನೆರಳಿಗೆ ಬನ್ನಿ. ನೆರಳಿನಲ್ಲಿ ನಾಲ್ಕು ಮೆಟ್ಟಿಲು ಬೆಳಕು ಕಡಿಮೆ. ಐಎಸ್‌ಓವನ್ನು ನಾಲ್ಕು ಮೆಟ್ಟಿಲು ಏರಿಸಬೇಕು. 200, 400, 800, 1600. ನೆರಳಿನ ಅಂಗಡಿಯಲ್ಲಿ ಅದೇ ಎಫ್ 8, ಅದೇ 1/500, ಐಎಸ್‌ಓ ಮಾತ್ರ 1600.

ಫಿಲ್ಮಿನ ಕಾಲದಲ್ಲಿ ಇದು ಸಾಧ್ಯವಿರಲಿಲ್ಲ. ರೋಲ್ ಹಾಕಿದ ಮೇಲೆ 36 ಚಿತ್ರಕ್ಕೂ ಒಂದೇ ಸಂವೇದನೆ. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರಕ್ಕೊಂದರಂತೆ ಬದಲಾಯಿಸಬಹುದು. ಐಎಸ್‌ಓವನ್ನು ಕ್ಯಾಮೆರಾದ ಆಯ್ಕೆಗೆ ಬಿಟ್ಟು, ರಂಧ್ರ ಮತ್ತು ಷಟರನ್ನು ನೀವು ಹಿಡಿದುಕೊಳ್ಳುವುದು ಸಂತೆಗೆ ಒಳ್ಳೆಯ ಉಪಾಯ. ರವೆಯಂತಹ ಕಲೆ ಸ್ವಲ್ಪ ಬಂದೀತು, ಬರಲಿ. ರವೆ ಇದ್ದ ಚಿತ್ರದಲ್ಲಿ ಮುಖ ಕಾಣುತ್ತದೆ. ಕದಲಿ ಮಸುಕಾದ ಚಿತ್ರದಲ್ಲಿ ಮುಖವೇ ಇರುವುದಿಲ್ಲ.

ಮಸುಕೆಲ್ಲ ಕೆಟ್ಟದ್ದೆಂದೂ ತಿಳಿಯಬೇಡಿ. ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸ್ಸೋ ಅವರು 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಾಜಾರ್ ರೈಲು ನಿಲ್ದಾಣದ ಹಿಂದೆ ತೆಗೆದ ಚಿತ್ರದಲ್ಲಿ ನೀರಿನ ಮೇಲೆ ಜಿಗಿಯುತ್ತಿರುವ ಮನುಷ್ಯ ತುಸು ಮಸುಕಾಗಿಯೇ ಇದ್ದಾನೆ. ಜಿಗಿತ ನಮಗೆ ತಿಳಿಯುವುದಕ್ಕೆ ಆ ಮಸುಕೂ ಕಾರಣ. ಬೇಕೆಂದು ತಂದ ಮಸುಕು ಬೇರೆ, ತಿಳಿಯದೆ ಬಂದ ಮಸುಕು ಬೇರೆ.

ಬಿಳಿಗೆ ಕೂಡಿಸು, ಕರಿಗೆ ಕಳೆ

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕ್ಯಾಮೆರಾದೊಳಗೇ ಮಾಪಕವಿದೆ, ಅದೇ ಎಲ್ಲ ನೋಡಿಕೊಳ್ಳುತ್ತದೆ, ಲೆಕ್ಕ ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಾಪಕ ಬೆಳಕನ್ನು ಸರಿಯಾಗಿಯೇ ಅಳೆಯುತ್ತದೆ. ಆದರೆ ತಾನು ಅಳೆಯುತ್ತಿರುವ ವಸ್ತು ಬಿಳಿಯೋ ಕಪ್ಪೋ ಎಂದು ಅದಕ್ಕೆ ಗೊತ್ತಿಲ್ಲ. ಲೋಕದ ವಸ್ತುಗಳೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣದವು, ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡ 18ನ್ನು ಹಿಂದಕ್ಕೆ ಕಳಿಸುತ್ತವೆ ಎಂಬ ಊಹೆಯ ಮೇಲೆ ಅದು ಕೆಲಸ ಮಾಡುತ್ತದೆ.

ಹೊಸದಾಗಿ ಸುಣ್ಣ ಬಳಿದ ಗೋಡೆಯ ಮುಂದೆ ಒಬ್ಬ ಹಮಾಲಿ ನಿಂತಿದ್ದಾನೆ ಎನ್ನಿ. ಗೋಡೆ ಶೇಕಡ 80ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಊಹೆಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಮಾಪಕ ಏನು ಮಾಡುತ್ತದೆ? ಬೆಳಕು ವಿಪರೀತವಾಯಿತೆಂದು ಎರಡು ಮೆಟ್ಟಿಲು ಇಳಿಸುತ್ತದೆ. ಸುಣ್ಣದ ಗೋಡೆ ಬೂದಿಯ ಬಣ್ಣಕ್ಕೆ ಬರುತ್ತದೆ. ಬಿಸಿಲಿನಲ್ಲಿ ದುಡಿದು ಕಪ್ಪಾದ ಆ ಮನುಷ್ಯನ ಮುಖ ಕರಿಯ ಮುದ್ದೆಯಾಗುತ್ತದೆ. ಕಣ್ಣಿಲ್ಲ, ನಗೆಯಿಲ್ಲ. ಗೋಡೆಯನ್ನು ಕಾಪಾಡುವ ಭರದಲ್ಲಿ ಮನುಷ್ಯನನ್ನು ಕಳೆದುಕೊಂಡಂತಾಯಿತು.

ನಮ್ಮ ದೇಶದಲ್ಲಿ ಇದು ಬರೀ ತಾಂತ್ರಿಕ ವಿಷಯವಲ್ಲ. ಬಣ್ಣದ ಫಿಲ್ಮಿನ ದಿನಗಳಲ್ಲಿ ಮುದ್ರಣಾಲಯಗಳು ಬಣ್ಣ ಸರಿಹೊಂದಿಸಲು ಒಂದು ಮಾದರಿ ಚಿತ್ರವನ್ನು ಇಟ್ಟುಕೊಳ್ಳುತ್ತಿದ್ದವು. ಕೊಡಕ್ ಕಂಪನಿಯ ಈ ಮಾದರಿಗೆ ಶರ್ಲಿ ಕಾರ್ಡ್ ಎಂಬ ಹೆಸರು ರೂಢಿಯಾಗಿತ್ತು. ಅದರಲ್ಲಿದ್ದದ್ದು ಬಿಳಿಯ ಮೈಬಣ್ಣದ ಹೆಂಗಸಿನ ಚಿತ್ರ. ಆ ಬಣ್ಣ ಚೆನ್ನಾಗಿ ಬಂದರೆ ಎಲ್ಲವೂ ಸರಿ ಎಂಬ ನಂಬಿಕೆ. ಗೋಧಿ ಬಣ್ಣದವರು, ಕಪ್ಪು ಬಣ್ಣದವರು ಹೇಗೆ ಬರುತ್ತಾರೆಂದು ಬಹುಕಾಲ ಯಾರೂ ಹೆಚ್ಚು ಚಿಂತಿಸಲಿಲ್ಲ. ಹಲವು ಮೈಬಣ್ಣದವರು ಇರುವ ಮಾದರಿಗಳು ಬಂದದ್ದು ಬಹಳ ತಡವಾಗಿ, 1990ರ ದಶಕದ ಹೊತ್ತಿಗೆ. ಯಂತ್ರಕ್ಕೆ ಪಕ್ಷಪಾತವಿಲ್ಲ ಎನ್ನುತ್ತೇವೆ. ಆದರೆ ಯಂತ್ರಕ್ಕೆ ಯಾವುದು ಸರಾಸರಿ ಎಂದು ಹೇಳಿಕೊಡುವವರು ಮನುಷ್ಯರೇ.

ಟಿ.ವಿ. ಸ್ಟುಡಿಯೋದಲ್ಲಿಯೂ ಈ ತೊಂದರೆ ಇದೆ. ಸಂದರ್ಶನಕ್ಕೆ ಬರುವವರಿಗೆ ಅಚ್ಚ ಬಿಳಿ ಅಂಗಿ ಬೇಡ, ಕೆನೆ ಬಣ್ಣ ಅಥವಾ ತೆಳು ನೀಲಿ ಹಾಕಿಕೊಂಡು ಬನ್ನಿ ಎಂದು ನಾವು ಮೊದಲೇ ವಿನಂತಿಸುವುದುಂಟು. ಬಿಳಿ ಅಂಗಿಗೆ ತಕ್ಕಂತೆ ಕ್ಯಾಮೆರಾದ ಬೆಳಕು ಇಳಿಸಿದರೆ ಮಾತನಾಡುವವರ ಮುಖ ಕಂದುತ್ತದೆ. ಸ್ಟುಡಿಯೋದಲ್ಲಿ ದೀಪ ನಮ್ಮ ಕೈಯಲ್ಲಿದೆ, ಅಂಗಿಯೂ ಒಂದಿಷ್ಟು ನಮ್ಮ ಮಾತು ಕೇಳುತ್ತದೆ. ಬೀದಿಯಲ್ಲಿ ಎರಡೂ ಇಲ್ಲ. ಅಲ್ಲಿ ಲೆಕ್ಕವೇ ಆಧಾರ.

ಲೆಕ್ಕ ಬಹಳ ಸುಲಭ. ಬಿಳಿಗೆ ಕೂಡಿಸು, ಕರಿಗೆ ಕಳೆ. ಚೌಕಟ್ಟಿನ ತುಂಬ ಬಿಳಿ ಗೋಡೆ, ಬಿಳಿ ಪಂಚೆ, ಮೋಡ ತುಂಬಿದ ಆಕಾಶ ಇದ್ದರೆ ಮಾಪಕ ಹೇಳಿದ್ದಕ್ಕೆ ಒಂದೂವರೆಯಿಂದ ಎರಡು ಮೆಟ್ಟಿಲು ಕೂಡಿಸಿ. ಚೌಕಟ್ಟಿನ ತುಂಬ ಎಮ್ಮೆಗಳ ಹಿಂಡೋ, ಕರಿಕಂಬಳಿಗಳ ರಾಶಿಯೋ ಇದ್ದರೆ ಒಂದರಿಂದ ಎರಡು ಮೆಟ್ಟಿಲು ಕಳೆಯಿರಿ, ಇಲ್ಲವಾದರೆ ಎಮ್ಮೆ ಬೂದಿ ಬಳಿದುಕೊಂಡಂತೆ ಕಂಡೀತು. ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ದೀಪ ಬೆಳಗುವಾಗಲೂ ಹೀಗೆಯೇ. ಚೌಕಟ್ಟಿನಲ್ಲಿ ಕಪ್ಪು ಆಕಾಶವೇ ಹೆಚ್ಚಾದ್ದರಿಂದ ಮಾಪಕ ಮೋಸಹೋಗಿ ಅತಿಯಾಗಿ ಬೆಳಕು ಕೊಡುತ್ತದೆ, ದೀಪಗಳೆಲ್ಲ ಒಂದಕ್ಕೊಂದು ಅಂಟಿ ಬಿಳಿಯ ಉಂಡೆಯಾಗುತ್ತವೆ. ಕಳೆಯಿರಿ, ದೀಪಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಅನುಮಾನ ಬಂದಾಗ ನಿಮ್ಮ ಅಂಗೈಯನ್ನು ಅಳೆಯಿರಿ. ಮೈಬಣ್ಣ ಏನೇ ಇರಲಿ, ಅಂಗೈ ಸಾಮಾನ್ಯವಾಗಿ ನಡುಬೂದಿಗಿಂತ ಸುಮಾರು ಒಂದು ಮೆಟ್ಟಿಲು ತಿಳಿ. ಎದುರಿನ ಮುಖದ ಮೇಲೆ ಬೀಳುವ ಬೆಳಕೇ ಅಂಗೈ ಮೇಲೂ ಬೀಳುವಂತೆ ಹಿಡಿದು, ಮಾಪಕದ ಅಳತೆಗೆ ಒಂದು ಮೆಟ್ಟಿಲು ಕೂಡಿಸಿದರೆ ಲೆಕ್ಕ ಮುಗಿಯಿತು.

ಇಷ್ಟಾದರೂ ಒಂದು ಕಷ್ಟ ಉಳಿಯುತ್ತದೆ. ಅರ್ಧ ಬಿಸಿಲು, ಅರ್ಧ ನೆರಳು ಇರುವ ಬೀದಿಯಲ್ಲಿ ಎರಡನ್ನೂ ಪೂರ್ತಿ ಉಳಿಸಿಕೊಳ್ಳುವುದು ಎಷ್ಟೋ ಸಲ ಆಗದು. ಒಂದನ್ನು ಬಿಡಲೇಬೇಕು. ಡಿಜಿಟಲ್ ಸೆನ್ಸರಿನಲ್ಲಿ ಬಿಂದಿಗೆ ತುಂಬಿ ಹರಿದ ಕಡೆ ಏನೂ ಉಳಿಯುವುದಿಲ್ಲ, ಬರೀ ಬಿಳಿ. ಕತ್ತಲಾದ ಕಡೆ ಸ್ವಲ್ಪ ನೀರಾದರೂ ಇರುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿಕೊಳ್ಳಬಹುದು. ಹೀಗಾಗಿ ಡಿಜಿಟಲ್‌ನಲ್ಲಿ ಬಿಳಿಯನ್ನು ಕಾಯಬೇಕು ಎನ್ನುತ್ತಾರೆ. ಕಪ್ಪು ಬಿಳುಪು ನೆಗೆಟಿವ್ ಫಿಲ್ಮಿನಲ್ಲಿ ಇದಕ್ಕೆ ತಿರುಗುಮುರುಗು, ಅಲ್ಲಿ ನೆರಳನ್ನು ಕಾಯಬೇಕು. ನಿಯಮ ಯಾವುದೇ ಇರಲಿ, ನಾನು ನಿಮಗೆ ಹೇಳುವುದಿಷ್ಟು. ಚಿತ್ರ ಯಾರದೋ ಅವರ ಮುಖವನ್ನು ಮೊದಲು ಉಳಿಸಿ. ಹಿಂದಿನ ಆಕಾಶ ಬಿಳಿಯಾದರೆ ಆಗಲಿ.

ಇನ್ನೊಂದು ಉಪಾಯ ಕಾಯುವುದು. ಬಿಸಿಲು ಬಿದ್ದ ಒಂದು ತುಂಡು ಜಾಗ ಹುಡುಕಿ, ಅದಕ್ಕೆ ಎಕ್ಸ್‌ಪೋಷರ್ ಹೊಂದಿಸಿಟ್ಟು ನಿಲ್ಲಿ. ಯಾರಾದರೂ ಆ ಬಿಸಿಲಿಗೆ ಬಂದೇ ಬರುತ್ತಾರೆ. ಹೊತ್ತನ್ನೂ ಆರಿಸಿಕೊಳ್ಳಿ. ನಮ್ಮದು ಉಷ್ಣವಲಯ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ, ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನೆಟ್ಟ ಕೋಲಿನ ನೆರಳೇ ಕಾಣುವುದಿಲ್ಲ. ಅಂಥ ಬಿಸಿಲಿನಲ್ಲಿ ಹುಬ್ಬಿನ ಕೆಳಗಿನ ಕಣ್ಣುಗಳು ಕತ್ತಲೆಯ ಗುಳಿಗಳಾಗುತ್ತವೆ. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕೂವರೆಯ ಮೇಲೆ ಬೆಳಕು ಓರೆಯಾಗಿ ಬಂದು ಮುಖವನ್ನು ಮುಟ್ಟುತ್ತದೆ.

ಟ್ಯೂಬ್‌ಲೈಟಿನ ಕಳ್ಳಾಟ

ಸಂಜೆಯ ಅಂಗಡಿ ಬೀದಿಯ ಬಗ್ಗೆ ಒಂದು ಮಾತು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳದ್ದು. ಪ್ರತಿ ಆವರ್ತನದಲ್ಲಿ ಎರಡು ಸಲ ಏರಿಳಿಯುವುದರಿಂದ ಹಳೆಯ ಚೋಕಿನ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಇದು ಕಾಣುವುದಿಲ್ಲ, 1/1000ರ ಷಟರಿಗೆ ಕಾಣುತ್ತದೆ. ಒಂದು ಚಿತ್ರ ಬೆಳಗಿ, ಮುಂದಿನದು ಕಂದಬಹುದು. ಮೊಬೈಲಿನ ಸೆನ್ಸರು ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಅಡ್ಡಪಟ್ಟೆಗಳೂ ಬರಬಹುದು. ಷಟರನ್ನು 1/100 ಅಥವಾ 1/50ಕ್ಕೆ ಇಟ್ಟರೆ ಒಂದು ಅಥವಾ ಎರಡು ಪೂರ್ಣ ಮಿನುಗು ಒಳಗೆ ಬಂದು ಬೆಳಕು ಸಮವಾಗುತ್ತದೆ. ನಮ್ಮ ಟೆಲಿವಿಷನ್ ಸೆಕೆಂಡಿಗೆ 25 ಚಿತ್ರಗಳ ಪದ್ಧತಿಯನ್ನು ಹಿಡಿದದ್ದಕ್ಕೂ ಈ 50 ಆವರ್ತನಗಳಿಗೂ ನಂಟಿದೆ. ಅಷ್ಟು ನಿಧಾನ ಷಟರಿನಲ್ಲಿ ನಡೆಯುವವರನ್ನು ಬಿಟ್ಟು, ತಕ್ಕಡಿ ಹಿಡಿದು ನಿಂತವರನ್ನು, ಹೂ ಕಟ್ಟುತ್ತಾ ಕುಳಿತವರನ್ನು ತೆಗೆಯಿರಿ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಕಂಬಕ್ಕೆ ಒರಗಿ, ಅರೆ ಉಸಿರು ಬಿಟ್ಟು ಗುಂಡಿ ಒತ್ತಿ.

ಕೈಯಲ್ಲಿರುವುದು ಮೊಬೈಲು ಮಾತ್ರವೇ? ಚಿಂತೆಯಿಲ್ಲ. ಹೆಚ್ಚಿನ ಮೊಬೈಲುಗಳಲ್ಲಿ ರಂಧ್ರ ಬದಲಾಗುವುದಿಲ್ಲ. ಸೆನ್ಸರ್ ಚಿಕ್ಕದಾದ್ದರಿಂದ ಆಳದ ತೊಂದರೆಯೂ ಕಡಿಮೆ. ಪರದೆಯ ಮೇಲೆ ಮುಖದ ಜಾಗದಲ್ಲಿ ಬೆರಳಿಟ್ಟರೆ ಅಲ್ಲಿಯ ಬೆಳಕನ್ನೇ ಅಳೆಯುತ್ತದೆ. ಬೆರಳನ್ನು ಮೇಲೆ ಕೆಳಗೆ ಸರಿಸಿ ಕೂಡಿಸಬಹುದು, ಕಳೆಯಬಹುದು. ಹಲವು ಮೊಬೈಲುಗಳು ಒಂದರ ಹಿಂದೊಂದು ಹಲವು ಚಿತ್ರ ತೆಗೆದು ಬೆರೆಸಿ ಬಿಸಿಲು ನೆರಳು ಎರಡನ್ನೂ ಉಳಿಸುತ್ತವೆ. ಒಳ್ಳೆಯದೇ. ಆದರೆ ಓಡುವವರ ಕೈಕಾಲು ಆ ಬೆರಕೆಯಲ್ಲಿ ಕಲಸಿಹೋಗಬಹುದು ಎಂಬುದು ನೆನಪಿರಲಿ.

ನಿಮಗೊಂದು ಅಭ್ಯಾಸ

ಮೂರು ಕೆಲಸ ಕೊಡುತ್ತೇನೆ. ಮೊದಲನೆಯದಕ್ಕೆ ಕ್ಯಾಮೆರಾವೇ ಬೇಡ. ಒಂದು ವಾರ ಶಾಲೆಗೋ ಕಾಲೇಜಿಗೋ ಹೋಗುವ ದಾರಿಯಲ್ಲಿ ಐದು ಕಡೆ ನಿಂತು, ನೆಲದ ನೆರಳು ನೋಡಿ, ಐಎಸ್‌ಓ 400ಕ್ಕೆ ರಂಧ್ರ ಎಷ್ಟು, ಷಟರ್ ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎರಡನೆಯದು, ಶಾಲೆಯ ಬಿಳಿ ಗೋಡೆಯ ಮುಂದೆ ಗೆಳೆಯನನ್ನೋ ಗೆಳತಿಯನ್ನೋ ನಿಲ್ಲಿಸಿ ಮೂರು ಚಿತ್ರ ತೆಗೆಯಿರಿ. ಒಂದು ಮಾಪಕ ಹೇಳಿದಂತೆ, ಒಂದು ಒಂದು ಮೆಟ್ಟಿಲು ಕೂಡಿಸಿ, ಇನ್ನೊಂದು ಎರಡು ಮೆಟ್ಟಿಲು ಕೂಡಿಸಿ. ಆಮೇಲೆ ಅದೇ ಮುಖದ ಹಿಂದೆ ಕರಿಕೊಡೆ ಬಿಚ್ಚಿ ಹಿಡಿದು ಮತ್ತೆ ತೆಗೆಯಿರಿ. ಮುಖ ಒಂದೇ, ಬೆಳಕು ಒಂದೇ, ಮಾಪಕದ ಮಾತು ಮಾತ್ರ ಬೇರೆ ಎಂಬುದು ಕಣ್ಣಿಗೇ ಕಾಣುತ್ತದೆ. ಮೂರನೆಯದು, ಸಂತೆಗೆ ಹೋಗಿ ಎಫ್ 8, 1/500ರ ಲೆಕ್ಕವನ್ನು ಬಿಸಿಲಿನಲ್ಲಿ ಒಮ್ಮೆ, ನೆರಳಿನಲ್ಲಿ ಒಮ್ಮೆ ಮಾಡಿ ನೋಡಿ.

ಸಂತೆಗೆ ಹೋದಾಗ ಇನ್ನೊಂದು ಅಳತೆಯೂ ಬೇಕು. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರ ಹೆಸರನ್ನು ನೀವು ಕೇಳಿರಬಹುದು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ಸಾಮಾನ್ಯ ಜನರ ಬದುಕನ್ನು ಕ್ಯಾಮೆರಾದಲ್ಲಿ ಹಿಡಿದವರು. 1977ರಲ್ಲಿ ಪದ್ಮಶ್ರೀ ಪಡೆದವರು. ಕನ್ನಡದಲ್ಲಿ ಅವರ ನೆನಪುಗಳ ಪುಸ್ತಕ ‘ಕಾಲಕ್ಕೆ ಕನ್ನಡಿ’ ನಿಮ್ಮ ಗ್ರಂಥಾಲಯದಲ್ಲಿದ್ದರೆ ಓದಿ. ಅವರ ಚಿತ್ರಗಳಲ್ಲಿ ಬಡವರಿದ್ದಾರೆ, ಮಕ್ಕಳಿದ್ದಾರೆ, ಆದರೆ ಯಾರೂ ಬರೀ ನೆರಳಾಗಿಲ್ಲ. ನೀವೂ ಹತ್ತಿರ ಹೋಗಿ, “ಅಜ್ಜಾ, ಒಂದು ಫೋಟೋ ತೆಗೀಲಾ?” ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಬೇಡ ಎಂದರೆ ಕ್ಯಾಮೆರಾ ಇಳಿಸಿ. ಹೂಂ ಎಂದರೆ, ಮನೆಯಲ್ಲಿ ನೋಡಿದಾಗ ತನ್ನ ಮುಖ ತನ್ನದೆಂದು ಆತ ಗುರುತಿಸುವಷ್ಟು ಬೆಳಕು ಕೊಡಿ.

ಇನ್ನೇನು, ಈ ವಾರದ ಸಂತೆಯ ದಿನ ಯಾವುದೆಂದು ನೋಡಿಕೊಳ್ಳಿ. ನೆಲದ ಮೇಲಿನ ನೆರಳಿನಿಂದ ಶುರುಮಾಡಿ.